ಸಂತೆ ಗೊತ್ತಿಲ್ಲದ ಗಂಡು

ನನಗೊಂದು ಚಟವಿದೆ: ತರಕಾರಿಯನ್ನು ಮೂಸಿ ನೋಡುವುದು. ಎಲ್ಲ ತರಕಾರಿಯನ್ನೂ ಅಲ್ಲ. ಹಳದಿ ಬಣ್ಣದ, ದುಂಡಗಿನ, ಕೈಗೆತ್ತಿಕೊಂಡರೆ ತುಸು ಭಾರವೆನಿಸುವ ಕಾಯಿ ಯಾವುದೇ ಕಂಡರೂ ತೊಟ್ಟಿನ ಕಡೆಯನ್ನು ಮೂಗಿಗೆ ಹಿಡಿಯದೆ ಚೀಲಕ್ಕೆ ಹಾಕಲಾರೆ. ಮೊನ್ನೆ ಬರ್ ದುಬೈಯ ಸೂಪರ್‌ಮಾರ್ಕೆಟ್ಟಿನಲ್ಲಿ ಹೀಗೆ ಮೂಸುತ್ತ ನಿಂತಿದ್ದಾಗ ತೂಕದ ಮೆಷಿನ್ನಿನ ಹಿಂದಿದ್ದ ನೇಪಾಳಿ ಮನುಷ್ಯ, “ಫ್ರೆಶ್ ಹೈ ಸರ್, ಆಜ್ ಹೀ ಆಯಾ” ಎಂದ. ತಾಜಾ ಹೌದೋ ಅಲ್ಲವೋ ಎಂದು ನೋಡುತ್ತಿಲ್ಲಪ್ಪ, ಇದು ತರಕಾರಿ ಹೌದೋ ಅಲ್ಲವೋ ಎಂದು ನೋಡುತ್ತಿದ್ದೇನೆ ಎಂದು ಅವನಿಗೆ ಹಿಂದಿಯಲ್ಲಿ ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ. ನಕ್ಕುಬಿಟ್ಟೆ. ನಿಮಗಾದರೆ ಕನ್ನಡದಲ್ಲೇ ಹೇಳಬಹುದು.

ಕಾರ್ಕಳದ ಹತ್ತಿರದ ನಮ್ಮೂರಿನಲ್ಲಿ, ನಾನು ಚಿಕ್ಕವನಿದ್ದಾಗ, ಅಂಗಡಿಗೆ ಹೋಗುವುದೆಂದರೆ ಬೆಂಚಿನ ಮೇಲೆ ಕೂರುವುದು ಎಂದರ್ಥ. ಅಮ್ಮ ಬರೆದ ಚೀಟಿಯನ್ನು ಅಂಗಡಿಯ ಪೈಗಳ ಕೈಗೆ ಕೊಟ್ಟರೆ ಅವರು ಅದನ್ನು ಅಷ್ಟು ದೂರಕ್ಕೆ ಹಿಡಿದು ಓದಿ, ನಡುನಡುವೆ “ನಿನ್ನ ಅಮ್ಮನಿಗೆ ಇಷ್ಟು ಹುಣಸೆಹುಳಿ ಯಾಕಂತೆ?” ಎಂದು ವಿಚಾರಿಸಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಬಾಯಿಂದಲೇ ನೂಲು ತುಂಡು ಮಾಡಿ ಚೀಲ ತುಂಬಿಸುತ್ತಿದ್ದರು. ನನಗೆ ಒಂದು ತುಂಡು ಬೆಲ್ಲ. ಒಳ್ಳೆಯದು ಕೆಟ್ಟದ್ದು ನೋಡುವುದು ಪೈಗಳ ಜವಾಬ್ದಾರಿ, ಬೈಯುವುದು ಅಮ್ಮನ ಜವಾಬ್ದಾರಿ, ದಾರಿಯಲ್ಲಿ ಚೀಲ ಬೀಳಿಸದೆ ತರುವುದಷ್ಟೇ ನನ್ನದು. ಇಪ್ಪತ್ತಾರನೆಯ ವಯಸ್ಸಿನವರೆಗೆ ನಾನು ಒಂದೇ ಒಂದು ಬದನೆಕಾಯಿಯನ್ನೂ ಆರಿಸಿದವನಲ್ಲ.

ಅಂಥವನು ದುಬೈಗೆ ಬಂದೆ. ಇಲ್ಲಿ ಬೆಂಚೂ ಇಲ್ಲ, ಪೈಗಳೂ ಇಲ್ಲ. ಒಳಗೆ ಹೊಕ್ಕರೆ ಯಾರೂ ಏನು ಬೇಕೆಂದು ಕೇಳುವುದಿಲ್ಲ. ತರಕಾರಿಯ ರಾಶಿಗಳ ಮೇಲೆ ಊರಿನ ಹೆಸರು ಬರೆದಿರುತ್ತಾರೆ. ಈರುಳ್ಳಿ ಇಂಡಿಯಾದ್ದು, ಟೊಮೆಟೊ ಜೋರ್ಡಾನಿನದು, ಬೆಂಡೆ ಒಮಾನಿನದು, ಕಿತ್ತಳೆ ಈಜಿಪ್ಟಿನದು. ಚಿಕ್ಕಂದಿನಲ್ಲಿ ಭೂಗೋಳದ ಮೇಷ್ಟ್ರು ಬೆತ್ತ ಹಿಡಿದೂ ಕಲಿಸಲಾಗದ್ದನ್ನು ನಾನು ಈ ರಾಶಿಗಳ ಎದುರು ನಿಂತು ಕಲಿತೆ. ಮೊದಲ ವಾರವೇ ಒಂದು ಗಾಜಿನ ಕಪಾಟಿನ ಹಿಂದೆ ಬೋಗುಣಿ ಬೋಗುಣಿ ನೇರಳೆಹಣ್ಣು ಇಟ್ಟಿದ್ದು ಕಂಡು ಬಾಯಲ್ಲಿ ನೀರೂರಿತು. ರುಚಿ ನೋಡಲು ಕೊಡುತ್ತಾರೆಂದು ಗೊತ್ತಾದ ಮೇಲೆ ಕೇಳಬೇಕೇ, ಎರಡು ಒಟ್ಟಿಗೇ ಬಾಯಿಗೆ ಹಾಕಿಕೊಂಡೆ. ಉಪ್ಪು, ಕಹಿ, ಎಣ್ಣೆ! ಆಲಿವ್ ಎಂಬುದನ್ನು ನಾನು ಭೇಟಿಯಾದದ್ದು ಹೀಗೆ. ಎದುರಿಗಿದ್ದ ಲೆಬನಾನಿನವನು “ಗುಡ್?” ಎಂದು ಕೇಳಿದ. “ಗುಡ್” ಎಂದು ನುಂಗಿದೆ.

ಇನ್ನೊಂದು ಪದ್ಧತಿ ಗೊತ್ತಾಗಲು ಇನ್ನೂ ಒಂದು ಅವಮಾನ ಬೇಕಾಯಿತು. ಇಲ್ಲಿ ತರಕಾರಿಯನ್ನು ತೆಳು ಚೀಲಕ್ಕೆ ತುಂಬಿ, ತೂಕದವನ ಹತ್ತಿರ ಒಯ್ದು, ಅವನು ಅಂಟಿಸುವ ಚೀಟಿಯನ್ನು ಹಾಕಿಸಿಕೊಂಡು ಆಮೇಲೆ ಕ್ಯಾಶ್ ಕೌಂಟರಿಗೆ ಹೋಗಬೇಕು. ಚೀಟಿಯಲ್ಲಿ ತರಕಾರಿಯ ಹೆಸರು, ತೂಕ, ಬೆಲೆ ಎಲ್ಲ ಅಚ್ಚಾಗಿರುತ್ತದೆ. ನಾನು ಅದೊಂದೂ ಇಲ್ಲದೆ ಆರು ಚೀಲ ಹಿಡಿದು ನೇರ ಕೌಂಟರಿಗೆ ಹೋದೆ. ಅಲ್ಲಿದ್ದ ಫಿಲಿಪಿನೋ ಹೆಂಗಸು “ನೋ ಸ್ಟಿಕ್ಕರ್ ಸರ್” ಎಂದು ಎಲ್ಲವನ್ನೂ ಬದಿಗೆ ಸರಿಸಿದಳು. ಹಿಂದೆ ಇದ್ದ ಒಬ್ಬ ಪಠಾಣ “ಯಲ್ಲಾ ಭಾಯ್, ಯಲ್ಲಾ” ಎಂದು ಅವಸರ ಮಾಡಿದ. ಬೆವರಿ ಹೋದೆ. ಆರು ಚೀಲವನ್ನೂ ಅಲ್ಲೇ ಬಿಟ್ಟು ಒಂದು ಬ್ರೆಡ್ ಮಾತ್ರ ಕೊಂಡು ರೂಮಿಗೆ ಬಂದೆ.

ರೂಮೆಂದರೆ ಬರ್ ದುಬೈಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಮೂರು ಮಂಚ, ಒಂದು ಅಡುಗೆಮನೆ. ನನ್ನ ಜೊತೆ ಇದ್ದವರು ಇಬ್ಬರು. ಉಡುಪಿ ಕಡೆಯ ರೋನಿ ಹೋಟೆಲಿನ ಅಡುಗೆಮನೆಯಲ್ಲಿದ್ದ. ಭಟ್ಕಳದ ಇಮ್ತಿಯಾಜ್ ತನ್ನ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿದ್ದ. ನಾನು ಏಸಿ ರಿಪೇರಿ ಕಂಪನಿಯೊಂದರ ಆಫೀಸಿನಲ್ಲಿದ್ದೆ. ಫೋನೆತ್ತಿ “ಟೆಕ್ನೀಷಿಯನ್ ನಾಳೆ ಬರುತ್ತಾರೆ” ಎಂದು ಹೇಳುವುದು ನನ್ನ ಕೆಲಸ. ವಾರಕ್ಕೊಬ್ಬರಂತೆ ಸಂತೆ ಮಾಡುವುದೆಂದು ನಮ್ಮ ನಿಯಮ. ಎರಡನೆಯ ಪಾಳಿಯಲ್ಲಿ ನಾನು ಕೊತ್ತಂಬರಿ ಸೊಪ್ಪೆಂದು ಪಾರ್ಸ್ಲಿ ಸೊಪ್ಪನ್ನು ತಂದೆ. ಎರಡೂ ಒಂದೇ ನಮೂನೆ ಕಾಣುತ್ತವೆ, ಒಂದೇ ಥರ ರಬ್ಬರ್ ಬ್ಯಾಂಡ್ ಹಾಕಿ ಮಲಗಿಸಿರುತ್ತಾರೆ, ನನ್ನದೇನು ತಪ್ಪು? ರೋನಿ ಸಾರಿನ ಮುಚ್ಚಳ ತೆಗೆದು ಒಮ್ಮೆ ಮೂಸಿ, “ದೇವರೇ, ಇದು ಸಾರಾ, ಹುಲ್ಲಾ?” ಎಂದ. ಇಮ್ತಿಯಾಜ್ “ಖಲಾಸ್ ಭಾಯ್, ನೀನು ಇನ್ನು ಮುಂದೆ ಪಾತ್ರೆ ತೊಳಿ ಸಾಕು” ಎಂದು ತೀರ್ಪು ಕೊಟ್ಟ. ಅಲ್ಲಿಂದ ಮುಂದೆ ಇಮ್ತಿಯಾಜ್ ತರುವುದು, ರೋನಿ ಬೇಯಿಸುವುದು, ನಾನು ತೊಳೆಯುವುದು. ಮೂರು ವರ್ಷ ಇದು ಸುಖವಾಗಿಯೇ ನಡೆಯಿತು.

ತೊಂದರೆ ಶುರುವಾದದ್ದು ಅಮ್ಮನಿಂದ. ಅದು ಎರಡು ಸಾವಿರದ ಹನ್ನೆರಡರ ಆಸುಪಾಸು. ನನಗೆ ಹೆಣ್ಣು ಹುಡುಕುತ್ತಿದ್ದರು. ಮೊದಲಿನ ಎರಡು ಸಂಬಂಧ, ಹುಡುಗ ದುಬೈಯಲ್ಲಿ ಮೂರು ಜನರ ರೂಮಿನಲ್ಲಿದ್ದಾನೆ ಎಂಬ ಸುದ್ದಿ ಮುಟ್ಟಿದೊಡನೆ ತಪ್ಪಿಹೋದವು. ಮೂರನೆಯದು ಪ್ರತಿಮಾ. ರಜೆಗೆ ಹೋದಾಗ ಅವರ ಮನೆಯ ಚಾವಡಿಯಲ್ಲಿ ಇಪ್ಪತ್ತು ನಿಮಿಷ ನೋಡಿದ್ದೆ. ನಾನು ಚಹಾದ ಲೋಟ ಎತ್ತುವಾಗ ತಟ್ಟೆಯೂ ಅಂಟಿಕೊಂಡು ಮೇಲೆ ಬಂದು, ಆಮೇಲೆ ಠಣ್ಣೆಂದು ಬಿತ್ತು. ಎಲ್ಲರೂ ನೋಡದ ಹಾಗೆ ಮಾಡಿದರು. ಅವಳೊಬ್ಬಳು ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಅಷ್ಟೇ ಆದದ್ದು. ಆದರೆ ವಿಮಾನ ಹತ್ತುವಾಗ ನನಗೆ ಈ ಹುಡುಗಿಯೇ ಬೇಕು, ಬೇರೆ ಬೇಡ ಎಂಬುದು ಖಚಿತವಾಗಿತ್ತು. ಇದನ್ನು ನಾನು ಯಾರ ಹತ್ತಿರವೂ ಹೇಳಲಿಲ್ಲ, ಹಾಗೆಲ್ಲ ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆಯಿಲ್ಲ.

ಈ ಸಲವೂ ತಪ್ಪಬಾರದೆಂದು ಅಮ್ಮ ಮುಂಚೆಯೇ ಒಂದು ಮಾತು ತೇಲಿಬಿಟ್ಟಿದ್ದಳು. “ನಮ್ಮ ಹುಡುಗ ಹೊರಗಿನದ್ದು ತಿನ್ನುವವನೇ ಅಲ್ಲ. ತರಕಾರಿ ತರುವುದು, ಅಡುಗೆ ಮಾಡುವುದು ಎಲ್ಲ ಅವನೇ. ಅವನ ಕೈಯ ಕೊದ್ದೆಲು ತಿಂದರೆ ನೀವು ಬಿಡ್ಲಿಕ್ಕಿಲ್ಲ.” ಕೊದ್ದೆಲು ಎಂದರೆ ನಮ್ಮ ಕಡೆಯ ತೆಂಗಿನಕಾಯಿ ಅರೆದು ಹಾಕಿದ ಹುಳಿ. ನಾನು ಫೋನಿನಲ್ಲಿ “ಯಾಕಮ್ಮ ಹೀಗೆಲ್ಲ ಹೇಳುವುದು?” ಎಂದರೆ, “ನೀನು ಅಲ್ಲಿ, ಅವರು ಇಲ್ಲಿ. ಯಾರು ನೋಡ್ಲಿಕ್ಕುಂಟು?” ಎಂದಳು.

ನೋಡಲಿಕ್ಕೆ ಒಬ್ಬರಿದ್ದರು. ಪ್ರತಿಮಾಳ ಅಮ್ಮನ ತಮ್ಮ ಸಂಜೀವಣ್ಣ ಇಪ್ಪತ್ತಾರು ವರ್ಷಗಳಿಂದ ಅಬುಧಾಬಿಯಲ್ಲಿ, ಬನಿಯಾಸಿನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಹೆಂಡತಿ ಸುಲೋಚನ ಮತ್ತು ಮಕ್ಕಳು ಊರಿನಲ್ಲಿ. ಗಲ್ಫಿನ ಗಂಡಿಗೆ ಹೆಣ್ಣು ಕೊಡುವಾಗ ಗಲ್ಫಿನಲ್ಲಿರುವ ನೆಂಟರನ್ನು ಕಳಿಸಿ ಹುಡುಗನ ರೂಮು, ಕೆಲಸ, ಅಭ್ಯಾಸ ನೋಡಿಸುವುದು ನಮ್ಮವರಲ್ಲಿ ಒಂದು ಕ್ರಮವೇ ಆಗಿಬಿಟ್ಟಿದೆ. ಅದರಲ್ಲೂ ನಮ್ಮಲ್ಲಿ ಹುಡುಗಿಯ ಸೋದರಮಾವ ಬೇಡವೆಂದರೆ ಮುಗಿಯಿತು, ಮೇಲೆ ಅಪೀಲಿಲ್ಲ. ಸಂಜೀವಣ್ಣ ಫೋನು ಮಾಡಿ, “ಬರುವ ಶುಕ್ರವಾರ ಮಧ್ಯಾಹ್ನ ಊಟಕ್ಕೆ ನಿನ್ನಲ್ಲಿಗೆ ಬರ್ತೇನೆ. ನೀನೇ ಅಡುಗೆ ಮಾಡುವುದಂತಲ್ಲ” ಎಂದರು.

ರೂಮಿನಲ್ಲಿ ತುರ್ತು ಸಭೆ ಸೇರಿತು. ರೋನಿ ಗುರುವಾರವೇ ಬಂಗುಡೆ ಪದಾರ್ಥ ಮಾಡಿಟ್ಟು ಡ್ಯೂಟಿಗೆ ಹೋಗುವುದು, ನಾನು ಬಿಸಿ ಮಾಡಿ ಬಡಿಸುವುದು, ಕೇಳಿದರೆ ನನ್ನದೇ ಅಡುಗೆ ಎನ್ನುವುದು ಎಂದು ತೀರ್ಮಾನವಾಯಿತು. ಇಮ್ತಿಯಾಜ್ ಮಂಚಗಳ ನಡುವಿನ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ಅಂಗಡಿಯಿಂದ ಹೊಸ ಪರದೆ ತಂದು ಕಟ್ಟಿದ. ಗುರುವಾರ ಸಂಜೆ ಅಮ್ಮ ಫೋನು ಮಾಡಿದಳು. “ಹೇಳ್ಲಿಕ್ಕೆ ಮರೆತೆ ಮಗಾ, ಅವರು ಶುಕ್ರವಾರ ಮೀನು ಮುಟ್ಟುವುದಿಲ್ಲವಂತೆ.” ಬಂಗುಡೆ ಆಗಲೇ ಒಲೆಯ ಮೇಲೆ ಕುದಿಯುತ್ತಿತ್ತು. ಮರುದಿನ ರೋನಿಯ ಹೋಟೆಲಿನಲ್ಲಿ ಶುಕ್ರವಾರದ ಬ್ರಂಚು, ಬೆಳಿಗ್ಗೆ ಐದಕ್ಕೇ ಅವನು ಹೋಗಬೇಕು. ಪಾಪ, ಅವನು ಮಸಾಲೆ ಹುರಿದು ಅರೆದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, “ಬೇಳೆ ಬೇಯಿಸು, ತರಕಾರಿ ಬೇಯಿಸು, ಇದನ್ನು ಹಾಕಿ ಕುದಿಸು, ಬೆಳ್ಳುಳ್ಳಿ ಒಗ್ಗರಣೆ ಕೊಡು. ಕತ್ತೆಗೂ ಬರ್ತದೆ. ತರಕಾರಿ ಮಾತ್ರ ಗೊತ್ತಿರುವಂಥದ್ದು ತಗೋ ಮಾರಾಯ” ಎಂದು ಕೈಮುಗಿದ.

ಗೊತ್ತಿರುವ ತರಕಾರಿ ನನಗೆ ಒಂದಿತ್ತು. ಸೌತೆಕಾಯಿ. ಹಸಿಯಾಗಿ ತಿನ್ನುವ ಮುಳ್ಳುಸೌತೆಯಲ್ಲ, ನಮ್ಮ ಊರಿನ ಹಳದಿ ಬಣ್ಣದ ದುಂಡು ಸೌತೆಕಾಯಿ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದದ್ದನ್ನು ಅಪ್ಪ ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಒಳಕೋಣೆಯ ಛಾವಣಿಯ ಪಕ್ಕಾಸಿಗೆ ನೇತುಹಾಕುತ್ತಿದ್ದರು. ಮಳೆಗಾಲ ಪೂರ್ತಿ ಬರಬೇಕಲ್ಲ. ನಾನು ಅವುಗಳ ಕೆಳಗೇ ಚಾಪೆ ಹಾಕಿ ಮಲಗಿ ಬೆಳೆದವನು. ಒಮ್ಮೆ ಇನ್ಶೂರೆನ್ಸ್ ಮಾಡಿಸಲು ಬಂದ ಏಜೆಂಟರೊಬ್ಬರು, ಮನುಷ್ಯನ ಜೀವಕ್ಕೆ ಏನು ಗ್ಯಾರಂಟಿ ಎಂದು ಅಪ್ಪನಿಗೆ ವಿವರಿಸುತ್ತಿದ್ದಾಗ ನಾರು ಕೊಳೆತು ಒಂದು ಸೌತೆ ಸರಿಯಾಗಿ ಅವರ ನೆತ್ತಿಯ ಮೇಲೆ ಬಿತ್ತು. ಅಪ್ಪ ಆ ಪಾಲಿಸಿ ಮಾಡಿಸಿದರು. ಇಷ್ಟೆಲ್ಲ ಒಡನಾಟ ಇರುವ ತರಕಾರಿಯನ್ನು ಗುರುತು ಹಿಡಿಯಲು ನನಗೆ ಯಾರ ಸಹಾಯ ಬೇಕು? ಬೆಳಿಗ್ಗೆ ಎದ್ದು ಒಬ್ಬನೇ ಹೋಗಿ ತಂದುಬಿಡುವುದೆಂದು ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಒಂಬತ್ತಕ್ಕೇ ಫೋನು. “ನಾನು ಘುಬೈಬಾ ಬಸ್‌ಸ್ಟ್ಯಾಂಡಿನಲ್ಲಿ ಇದ್ದೇನೆ. ಕೆಳಗೆ ಬಾ. ಮೊದಲು ಸಂತೆಗೆ ಹೋಗುವ.”

ಸಂಜೀವಣ್ಣ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಷ್ಟು ತೊಳೆದರೂ ಹೋಗದ ಕಪ್ಪು ಉಗುರು, ಕಂಕುಳಲ್ಲಿ ಮಡಚಿದ ಬಟ್ಟೆ ಚೀಲ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ನಿಮಗೆ ಕನ್ನಡ ಮಾಡಿ ಹೇಳುತ್ತಿದ್ದೇನೆ. ಅವರನ್ನು ಏನೆಂದು ಕರೆಯುವುದೆಂದೇ ನನಗೆ ತಿಳಿಯಲಿಲ್ಲ. ಮಾವ ಎಂದರೆ ಹೆಣ್ಣು ಈಗಲೇ ನನ್ನದೆಂದ ಹಾಗೆ ಆಗುತ್ತದೆ, ಸಾರ್ ಎಂದರೆ ಗ್ಯಾರೇಜಿಗೆ ಬಂದ ಹಾಗೆ. ಏನೂ ಕರೆಯದೆ “ಬನ್ನಿ, ಬನ್ನಿ” ಎನ್ನುತ್ತ ನಡೆದೆ. ದಾರಿಯಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು. “ಎಂತ ಮಾಡ್ತಿ ಇವತ್ತು?” “ಸೌತೆಕಾಯಿ ಕೊದ್ದೆಲು” ಎಂದೆ. “ಆಯಿತು” ಎಂದರು.

ಅಂಗಡಿಯೊಳಗೆ ಹೋದ ಮೇಲೆ ಅವರು ನನ್ನನ್ನು ಮರೆತೇಬಿಟ್ಟರು. ಒಂದು ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಬಾಗಿಸಿ, ಮುರಿಯದೆ, ವಾಪಸು ಇಟ್ಟರು. “ಇದು ನಿನ್ನೆಯದ್ದು. ಒಮಾನಿನ ಗಾಡಿ ಬರುವುದು ನಾಳೆ.” ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕಿ, ಕಣ್ಣಿನ ಕಡೆ ಒತ್ತಿ, ಮೂರನ್ನು ಬಿಟ್ಟು ನಾಲ್ಕನೆಯದನ್ನು ತೆಗೆದುಕೊಂಡರು. ಕರಿಬೇವನ್ನು ಕೈಯಲ್ಲಿ ಉಜ್ಜಿ ನೋಡಿದರು. ಹಸಿಮೆಣಸಿನಲ್ಲಿ ಖಾರದ್ದು ಯಾವುದು, ಸುಮ್ಮನೆ ಹಸಿರಾದದ್ದು ಯಾವುದು ಎಂದು ದೂರದಿಂದಲೇ ಹೇಳಿದರು. ತೂಕದವನು ಅವರಿಗೆ ಸಲಾಂ ಹೊಡೆದ; ಬೇರೆ ಊರಿನ ಅಂಗಡಿಗೆ ಮೊದಲ ಸಲ ಬಂದ ಮನುಷ್ಯನಿಗೆ! ನಾನು ಬೆರಗಾದೆ, ಹೆದರಿಕೆಯೂ ಆಯಿತು. ಇಂಥವರ ಎದುರು ನಾನು ಏನು ನಾಟಕ ಆಡಲಿ?

“ನೀನು ಸೌತೆ ತೆಗೆ” ಎಂದರು.

ತರಕಾರಿ ಮುಗಿದು ಹಣ್ಣು ಶುರುವಾಗುವ ಮೂಲೆಯಲ್ಲಿ, ಸಿಹಿಗುಂಬಳದ ಪಕ್ಕದಲ್ಲಿ ನನ್ನ ಕಣ್ಣಿಗೆ ಬಿತ್ತು. ಹಳದಿ. ದುಂಡಗೆ. ಅದೇ ಗಾತ್ರ. ಒಳಕೋಣೆಯ ಪಕ್ಕಾಸೇ ಕಣ್ಣೆದುರು ಬಂತು. ಅವರು ಮಾಡಿದ್ದನ್ನೆಲ್ಲ ನಾನೂ ಮಾಡಿದೆ. ಎತ್ತಿದೆ, ಕುಲುಕಿದೆ, ಬೆರಳಿನಿಂದ ಟಕ್ ಟಕ್ ಎಂದು ಬಡಿದೆ, ಎರಡನ್ನು ಬಿಟ್ಟೆ, ಮೂರನೆಯದನ್ನು ಆರಿಸಿದೆ. “ಇದು ಒಳ್ಳೇ ಬಲಿತದ್ದು” ಎಂದು ಹೇಳಿಯೂಬಿಟ್ಟೆ. ಅವರು ನನ್ನನ್ನು ನೋಡಿದರು, ಕಾಯಿಯನ್ನು ನೋಡಿದರು. ತೂಕದವನು ಚೀಟಿ ಅಂಟಿಸಿ ಕೊಟ್ಟಾಗ ಜೇಬಿನಿಂದ ಕನ್ನಡಕ ತೆಗೆದು ಚೀಟಿಯನ್ನು ಓದಿದರು. ಓದಿ ಕನ್ನಡಕ ಮಡಚಿ, “ನಡಿ” ಎಂದರು. ನಾನು ಗೆದ್ದೆ ಎಂದುಕೊಂಡೆ.

ರೂಮಿನಲ್ಲಿ ಅವರು ಅಡುಗೆಮನೆಯ ಬಾಗಿಲಿಗೆ ಒಂದು ಸ್ಟೂಲು ಎಳೆದುಕೊಂಡು ಕೂತರು. ಬೇಳೆ ಕುಕ್ಕರಿನಲ್ಲಿ ಸೀಟಿ ಹೊಡೆಯಿತು. ನಾನು ಸೌತೆಯನ್ನು ಮಣೆಯ ಮೇಲಿಟ್ಟು ಎರಡು ಹೋಳು ಮಾಡಿದೆ. ಕತ್ತಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ರಸ ಮಣೆಯ ಮೇಲೆ ಹರಿಯಿತು. ರೂಮು ಪೂರ್ತಿ ಪರಿಮಳ, ಯಾವುದೋ ಮದುವೆ ಮನೆಯಲ್ಲಿ ಶರಬತ್ತು ಹಂಚಿದ ಹಾಗೆ. ಆಗ ನನಗೆ ಗೊತ್ತಾಯಿತು. ಇದು ಇಲ್ಲಿಯವರು ಶಮ್ಮಾಮ್ ಎನ್ನುವ ಸಿಹಿ ಹಣ್ಣು. ಊಟವಾದ ಮೇಲೆ ತುಂಡು ಮಾಡಿ ತಿನ್ನುವಂಥದ್ದು. ನಿಜವಾದ ಸೌತೆ ಅದೇ ಅಂಗಡಿಯಲ್ಲಿ ಎರಡು ಹೆಜ್ಜೆ ಆಚೆ ಇತ್ತು ಎಂಬುದು ಆಮೇಲೆ ತಿಳಿದ ಸಂಗತಿ.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ನನಗೆ ಗೊತ್ತಿಲ್ಲ. “ಅಯ್ಯೋ, ತಪ್ಪಾಯಿತು” ಎಂದು ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದೆ ಸ್ಟೂಲಿನ ಮೇಲೆ ಕೂತಿರುವುದು ಪ್ರತಿಮಾಳ ಸೋದರಮಾವ. ತಪ್ಪೊಪ್ಪಿಕೊಂಡರೆ ಅಮ್ಮನ ಸುಳ್ಳು, ನನ್ನ ಸುಳ್ಳು, ಪಾತ್ರೆ ತೊಳೆದ ಮೂರು ವರ್ಷ ಎಲ್ಲ ಹೊರಗೆ ಬೀಳುತ್ತದೆ, ಹುಡುಗಿ ಕೈತಪ್ಪುತ್ತಾಳೆ. ನಾನು ಏನೂ ಆಗದವನ ಹಾಗೆ ಹಣ್ಣನ್ನು ಹೋಳು ಮಾಡಿ ಬೇಳೆಗೆ ಹಾಕಿದೆ. ರೋನಿಯ ಮಸಾಲೆ ಹಾಕಿದೆ. ರುಚಿ ನೋಡಿದರೆ ಪಾಯಸ. ಹುಳಿ ಹಿಂಡಿದೆ. ಮೆಣಸಿನಪುಡಿ ಹಾಕಿದೆ. ಮತ್ತೆ ನೋಡಿದರೆ ಖಾರದ ಪಾಯಸ. ಇನ್ನಷ್ಟು ಉಪ್ಪು, ಇನ್ನಷ್ಟು ಹುಳಿ. ಹಣ್ಣಿನ ಹೋಳುಗಳು ಅಷ್ಟರಲ್ಲಿ ಕರಗಿ ಕಾಣೆಯಾಗಿದ್ದವು. ಬೆನ್ನಿಗೆ ಅವರ ದೃಷ್ಟಿ ತಾಗುತ್ತಿತ್ತು.

ಜುಮಾ ನಮಾಜು ಮುಗಿಸಿ ಇಮ್ತಿಯಾಜ್ ಬಂದ. ಮೂವರೂ ನೆಲದ ಮೇಲೆ ಪೇಪರು ಹಾಸಿ ಕೂತೆವು. ಸಂಜೀವಣ್ಣ ಅನ್ನದಲ್ಲಿ ಗುಂಡಿ ಮಾಡಿ ಕೊದ್ದೆಲು ಹಾಕಿಸಿಕೊಂಡು ಕಲಸಿ ತುತ್ತು ಬಾಯಿಗಿಟ್ಟರು. ಮುಖದಲ್ಲಿ ಏನೂ ಇಲ್ಲ. ಇಮ್ತಿಯಾಜ್ ಮೊದಲ ತುತ್ತಿಗೇ ನಿಲ್ಲಿಸಿದ.

“ಭಾಯ್, ಇದರಲ್ಲಿ ಶಮ್ಮಾಮ್ ವಾಸನೆ ಬರ್ತಾ ಉಂಟಲ್ಲ?”

ನಾನು ಪೇಪರಿನ ಬದಿಯಿಂದ ಅವನ ಕಾಲು ಒದ್ದೆ. ಅವನಿಗೆ ಅರ್ಥವಾಗಲಿಲ್ಲ. “ಅರೆ, ಯಾಕೆ ಒದೀತಿ?” ಎಂದ. ಸಂಜೀವಣ್ಣ ತಲೆ ಎತ್ತದೆ, “ಊಟ ಮಾಡು ಮಗಾ, ತಣ್ಣಗಾಗ್ತದೆ” ಎಂದರು. ಅವರು ಎರಡನೆಯ ಸಲವೂ ಹಾಕಿಸಿಕೊಂಡರು. ತಟ್ಟೆ ಚೊಕ್ಕಟ ಮಾಡಿ ಎದ್ದರು. ಒಬ್ಬ ಮನುಷ್ಯ ನಿಮ್ಮ ತಪ್ಪನ್ನು ಎರಡು ಸಲ ಬಡಿಸಿಕೊಂಡು ತಿನ್ನುವುದನ್ನು ನೋಡುವುದಕ್ಕಿಂತ ಅವನು ಬೈದರೆ ಒಳ್ಳೆಯದು ಎಂದು ನನಗೆ ಆ ದಿವಸ ಅನಿಸಿತು.

ಕೈ ತೊಳೆದು ಬಂದವರು ನನ್ನ ಮಂಚದ ತುದಿಯಲ್ಲಿ ಕೂತು, ಫೋನು ಕಾರ್ಡಿನ ನಂಬರು ಒತ್ತಿ ಊರಿಗೆ ಫೋನು ಹಚ್ಚಿದರು. ನಾನು ಪಾತ್ರೆಗಳನ್ನು ಸಿಂಕಿಗೆ ಹಾಕಿ, ಕೇಳಿಸಲೆಂದು ನಲ್ಲಿಯನ್ನು ತಿರುಗಿಸದೆ ನಿಂತೆ.

“ಹಾಂ ಅಕ್ಕಾ, ಊಟ ಆಯಿತು. ಹುಡುಗನಾ? ಹುಡುಗನಿಗೆ ಅಡುಗೆ ಬರುವುದಿಲ್ಲ. ಹೌದು, ಎಂತ ಸಹ ಬರುವುದಿಲ್ಲ. ಅವನ ಅಮ್ಮ ಹೇಳಿದ್ದು ಬರೀ ಬೊಗಳೆ. ಸಂತೆಯಂತೂ ಕೇಳುವುದೇ ಬೇಡ. ಸೌತೆ ಯಾವುದು, ಹಣ್ಣು ಯಾವುದು ಅಂತ ಗೊತ್ತಿಲ್ಲದ ಪ್ರಾಣಿ.”

ಮೂರನೆಯದೂ ಹೋಯಿತು ಎಂದುಕೊಂಡೆ. ಇಮ್ತಿಯಾಜ್ ನನ್ನನ್ನೇ ನೋಡುತ್ತಿದ್ದ. ಅವನಿಗೆ ತುಳು ಬಾರದು, ಆದರೂ ಮುಖ ಸಣ್ಣ ಮಾಡಿಕೊಂಡಿದ್ದ.

“ಅದಕ್ಕೇ ಹೇಳುವುದು, ಇವನಿಗೇ ಕೊಡುವ.”

ಆ ಕಡೆ ಅಕ್ಕ ಜೋರು ಮಾಡಿರಬೇಕು. ಇವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದರು, ಆಮೇಲೆ ಹತ್ತಿರ ತಂದರು.

“ನೀನು ಕೇಳು ಅಕ್ಕ. ನನಗೆ ಎಲ್ಲ ಗೊತ್ತುಂಟು. ಯಾವ ದಿವಸ ಯಾವ ದೇಶದ ಬೆಂಡೆ ಬರ್ತದೆ, ಯಾವ ಕಾಯಿ ಒಳಗೆ ಹಾಳಾಗಿದೆ, ಎಲ್ಲ ಗೊತ್ತುಂಟು. ಇಪ್ಪತ್ತಾರು ವರ್ಷ ಒಬ್ಬನೇ ಇದ್ದು ಕಲಿತದ್ದು. ಕಳೆದ ಸಲ ಮನೆಗೆ ಹೋದಾಗ ಸುಲೋಚನ ಬಡಿಸಿ ಎಂತ ಕೇಳಿದ್ದು ಗೊತ್ತುಂಟಾ? ‘ನಿಮಗೆ ಉಪ್ಪು ಸಾಕಾ?’ ಅಂತ. ನೆಂಟರನ್ನು ಕೇಳಿದ ಹಾಗೆ. ಅವಳದ್ದು ತಪ್ಪಲ್ಲ. ನಾನು ಎಷ್ಟು ಉಪ್ಪು ತಿನ್ನುವವ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಈ ಹುಡುಗನಿಗೆ ಇನ್ನೂ ಎಂತದೂ ಬರುವುದಿಲ್ಲ. ಒಬ್ಬನೇ ಇರ್ಲಿಕ್ಕೆ ಕಲಿತಿಲ್ಲ ಇವ. ಕಲಿಯುವ ಮೊದಲು ನಮ್ಮ ಪ್ರತಿಮಾ ಇಲ್ಲಿಗೆ ಬರಲಿ.”

ಫೋನಿಟ್ಟು ನನ್ನನ್ನು ಕರೆದರು. “ಎಲ್ಲ ಕೇಳಿಸಿಕೊಂಡಿಯಲ್ಲ, ಇನ್ನೊಮ್ಮೆ ಹೇಳುವುದಿಲ್ಲ. ಮದುವೆ ಆಗಿ ಅವಳನ್ನು ಊರಲ್ಲಿ ಬಿಟ್ಟು ನೀನೊಬ್ಬನೇ ವಾಪಸು ಬರುವ ಅಂದಾಜು ಇದ್ದರೆ ಈಗಲೇ ಹೇಳು.”

ಇಡೀ ದಿನ ನಾನು ಒಂದೂ ನಿಜ ಹೇಳಿರಲಿಲ್ಲ. “ಫ್ಯಾಮಿಲಿ ವೀಸಾ ಮಾಡಿಸಲಿಕ್ಕೆ ನನ್ನ ಸಂಬಳ ಸಾಲುವುದಿಲ್ಲ, ಮಾವ” ಎಂದೆ. ಮಾವ ಎಂದದ್ದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.

“ನಾನು ಸಹ ಹಾಗೇ ಹೇಳಿದ್ದು. ಬರುವ ವರ್ಷ ಕರ್ಕೊಂಡು ಬರ್ತೇನೆ, ಅದರ ಮುಂದಿನ ವರ್ಷ ಕರ್ಕೊಂಡು ಬರ್ತೇನೆ. ಸಂಬಳ ಸಾಕಾಗುವಾಗ ಮಕ್ಕಳ ಶಾಲೆ ಶುರುವಾಯಿತು. ಶಾಲೆ ಮುಗಿಯುವಾಗ ನನ್ನ ಅಮ್ಮ ಹಾಸಿಗೆ ಹಿಡಿದಳು. ಬೇರೆ ಕೆಲಸ ಹುಡುಕು. ಎಷ್ಟು ಸಮಯ ಬೇಕು?”

“ಒಂದು ವರ್ಷ.”

“ಒಂದು ವರ್ಷ ನಾನು ಅಕ್ಕನನ್ನು ಹಿಡಿದು ನಿಲ್ಲಿಸ್ತೇನೆ. ಸಂತೆ ಮಾತ್ರ ಕಲಿಬೇಡ.”

ಒಂದು ವರ್ಷ ಸಾಲಲಿಲ್ಲ, ಒಂದು ವರ್ಷ ಏಳು ತಿಂಗಳು ಹಿಡಿಯಿತು. ಹೆಚ್ಚಿನ ಆ ಏಳು ತಿಂಗಳಲ್ಲಿ ಪ್ರತಿಮಾಳಿಗೆ ಬೇರೆ ಎರಡು ಸಂಬಂಧ ಬಂದವಂತೆ. ಬನಿಯಾಸಿನಿಂದ ಫೋನಿನಲ್ಲೇ ಜಗಳ ಮಾಡಿ ಅವೆರಡನ್ನೂ ವಾಪಸು ಕಳಿಸಿದ್ದು ಮಾವ. ಪ್ರತಿಮಾ ಅವೆರಡಕ್ಕೂ ತಾನೇ ಬೇಡ ಅಂದಿದ್ದೆ, ಮಾವನ ಜಗಳ ಬೇಕೇ ಇರಲಿಲ್ಲ ಅನ್ನುತ್ತಾಳೆ. ಇಬ್ಬರದೂ ನಿಜ ಇರಬಹುದು. ನನಗೆ ಒಂದು ಕ್ಲಿನಿಕ್ಕಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಊರಿನಲ್ಲಿ ಮದುವೆಯಾಯಿತು, ಮಾವನಿಗೆ ರಜೆ ಸಿಗಲಿಲ್ಲ. ವೀಸಾ ಕೈಗೆ ಬಂದು, ನಾನು ಬಾಡಿಗೆಗೆ ಬೇರೆ ಮನೆ ಹಿಡಿದ ಮೇಲೆ, ಪ್ರತಿಮಾ ದುಬೈಗೆ ಬಂದಿಳಿದದ್ದು ಒಂದು ಭಾನುವಾರ.

ಆ ವಾರದ ಗುರುವಾರ ಸಂಜೆ ನಾನು ಮಾವನಿಗೆ ಫೋನು ಮಾಡಿ, “ನಾಳೆ ಊಟಕ್ಕೆ ಬನ್ನಿ, ಸಂತೆಯೂ ಇವಳದ್ದೇ, ಅಡುಗೆಯೂ ಇವಳದ್ದೇ” ಎಂದೆ.

“ಇಲ್ಲ ಮಾರಾಯ. ವೀಸಾ ಕ್ಯಾನ್ಸಲ್ ಮಾಡಿಸಿದೆ. ನಾಳೆ ಬೆಳಿಗ್ಗೆ ಫ್ಲೈಟು.”

“ಇದ್ದಕ್ಕಿದ್ದ ಹಾಗೆ ಯಾಕೆ ಮಾವ? ಇನ್ನೂ ಎರಡು ವರ್ಷ ಇದ್ದೇನೆ ಅಂದಿದ್ದಿರಲ್ಲ?”

ಆ ಕಡೆಯಿಂದ ಟೇಪು ಎಳೆದು ಪೆಟ್ಟಿಗೆ ಕಟ್ಟುವ ಸದ್ದು ಬಂತು. “ಎಲ್ಲರಿಗೂ ಬುದ್ಧಿ ಹೇಳಿ ನಾನೇ ಇಲ್ಲಿ ಕೂತರೆ ಹೇಗೆ? ಇನ್ನೂ ತಡ ಮಾಡಿದರೆ ನಾನು ಆ ಮನೆಯಲ್ಲಿ ನೆಂಟನೇ ಆಗಿ ಹೋಗ್ತೇನೆ. ಅವಳು ಹತ್ತಿರ ಇದ್ದಾಳಾ? ಬೇಡ, ಕೊಡಬೇಡ. ಇಡ್ತೇನೆ” ಎಂದು ಇಟ್ಟೇಬಿಟ್ಟರು.

ನಾನು ಫೋನನ್ನು ಮೇಜಿನ ಮೇಲಿಟ್ಟೆ. ಸಂತೋಷವಾಗಿತ್ತು, ಬೇಜಾರೂ ಆಗಿತ್ತು. ಅಡುಗೆಮನೆಯಿಂದ ಪ್ರತಿಮಾ ಕೇಳಿದಳು.

“ಮಾವ ಎಂತ ಹೇಳಿದರು? ನಾಳೆಗೆ ಎಷ್ಟು ಜನಕ್ಕೆ ಅಕ್ಕಿ ಹಾಕ್ಲಿ?”

“ಇಬ್ಬರಿಗೆ ಹಾಕು” ಎಂದೆ.